ಚಕ್ಕಡಿಯ ಜಾಡು ಹಿಡಿದು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ – ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅವುಗಳನ್ನು ಕಂಡವರೂ ಬಹಳ ಮಂದಿ. ಆದರೆ ಕಂಡವರಲ್ಲಿ ಹೆಚ್ಚಿನವರು ಬಸ್ಸಿನ ಕಿಟಕಿಯಿಂದಲೋ ಕಾರಿನ ಕಿಟಕಿಯಿಂದಲೋ ಕಂಡವರು. ಡಾಂಬರು ರಸ್ತೆ ಹಿಡಿದು ಹೊರಟರೆ ಒಂದೇ ದಿನದಲ್ಲಿ ನಾಲ್ಕನ್ನೂ ಮುಗಿಸಿ, ಕೋಟೆ, ಗುಡಿ, ಅಣೆಕಟ್ಟುಗಳ ಎದುರು ಚಿತ್ರ ತೆಗೆಸಿಕೊಂಡು ಮನೆಗೆ ಮರಳಬಹುದು. ಆ ರಸ್ತೆಗಳ ಎರಡೂ ಬದಿಗೆ ಬೇರೊಂದು ದಾರಿಗಳ ಜಾಲವೇ ಇದೆಯೆಂಬುದು ಅಂಥ ಪ್ರವಾಸಿಗಳ ಗಮನಕ್ಕೆ ಬಾರದು. ಹೊಲದ ಬದುವಿಗೆ ಹೊಂದಿಕೊಂಡು, ಹಳ್ಳಕ್ಕಿಳಿದು, ಗುಡ್ಡದ ಓರೆಯನ್ನು ಬಳಸಿ ಊರಿನಿಂದ ಊರಿಗೆ ಸಾಗುವ ಈ ಹಾದಿಗಳನ್ನು ಇಲ್ಲಿಯ ಜನ ಚಕ್ಕಡಿ ದಾರಿ ಎನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ನಾನೂ ನನ್ನ ಮಿತ್ರರೊಬ್ಬರೂ ಸೈಕಲ್ಲೇರಿ, ಸಾಧ್ಯವಾದ ಮಟ್ಟಿಗೆ ಈ ದಾರಿಗಳನ್ನೇ ಹಿಡಿದು, ಕಿತ್ತೂರಿನಿಂದ ರಾಮದುರ್ಗದವರೆಗೆ ಮೂರು ದಿನಗಳ ಪ್ರವಾಸ ಮಾಡಿದೆವು. ಸುತ್ತುಗಳೆಲ್ಲ ಸೇರಿ ನೂರು ಕಿ.ಮೀ. ಮೀರಿದ ದಾರಿ.

ಇಂಥ ಸವಾರಿಗೆ ಪಶ್ಚಿಮ ದೇಶಗಳಲ್ಲಿ ಈಗ ‘ಗ್ರಾವೆಲ್’ ಸವಾರಿ ಎಂದು ಹೆಸರು. ಗ್ರಾವೆಲ್ ಎಂದರೆ ಬೇರೇನೂ ಅಲ್ಲ, ನಮ್ಮ ಗರಸು. ಫ್ರಾನ್ಸಿನ ನಡುನಾಡಿನ ಗುಡ್ಡಗಳಲ್ಲಿ, ದಟ್ಟ ಮರಗಳ ನಡುವೆ ಹಾಯುವ ಮಣ್ಣುಹಾದಿಗಳಲ್ಲಿ ದಿನಗಟ್ಟಲೆ ಸೈಕಲ್ ತುಳಿಯುವುದು ಅಲ್ಲಿಯವರಿಗೆ ದೊಡ್ಡ ವಿನೋದ. ಆ ದೇಶಕ್ಕೆ ಇದು ಹೊಸತೂ ಅಲ್ಲ. ಸೇಂತ್ ಎತಿಯೆನ್ ಪಟ್ಟಣದಲ್ಲಿ ನೆಲೆಸಿದ್ದ ಪಾಲ್ ದ ವಿವಿ (1853–1930) ಎಂಬವರು ‘ವೆಲೋಸಿಯೊ’ ಎಂಬ ಅಂಕಿತದಿಂದ ಬರೆಯುತ್ತ, ಪಂದ್ಯಕ್ಕಲ್ಲ, ನಾಡು ನೋಡಲು ಸೈಕಲ್ ತುಳಿಯಿರಿ ಎಂದು ಜೀವಮಾನವಿಡೀ ಬೋಧಿಸಿದರು. ಗುಡ್ಡ ಹತ್ತಲು ಗೇರು ಬೇಕೆಂದು ಅವರು ವಾದಿಸಿದ ಎಷ್ಟೋ ವರ್ಷಗಳ ಮೇಲೆ, 1937ರಲ್ಲಿ, ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯದಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ದೊರೆಯಿತು. ಹಸಿಯುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಒಣ ಹೆಮ್ಮೆಗಾಗಿ ತುಳಿಯಬಾರದು ಎಂಬುದು ಅವರ ಉಪದೇಶದ ಸಾರ. ಬೆಳವಲದ ಬಿಸಿಲಿಗೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಸಂಗತಿ ವಾಚಕರಿಗೆ ಸ್ವಾರಸ್ಯವೆನಿಸೀತು. ಈ ಸವಾರಿಗೆಂದೇ ತಯಾರಾದ ಬೆಲೆಬಾಳುವ ಸೈಕಲ್ಲುಗಳ ಟೈರಿನ ಅಗಲ ಸುಮಾರು 40 ಮಿಲಿಮೀಟರು. ನಮ್ಮ ಹಾಲಿನವರೂ ಅಂಚೆಯವರೂ ಶಾಲಾ ಮಾಸ್ತರರೂ ತಲೆಮಾರುಗಳಿಂದ ತುಳಿದ ಹಳೆಯ ಕರಿಯ ಸೈಕಲ್ಲಿನ ಟೈರು ಒಂದೂವರೆ ಅಂಗುಲ, ಅಂದರೆ 38 ಮಿಲಿಮೀಟರು! ಗರಸಿನ ಹಾದಿಗೆ ಎಂಥ ಗಾಲಿ ಬೇಕೆಂಬುದು ನಮ್ಮ ಹಳ್ಳಿಗರಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಕಿತ್ತೂರಿನಲ್ಲಿ ಬೆಳಗಿನ ಹೊತ್ತು ಕೋಟೆಯೊಳಗಿನ ಪಾಳುಬಿದ್ದ ಅರಮನೆಯನ್ನು ಸುತ್ತಿ ಹೊರಟೆವು. 1824ರ ಅಕ್ಟೋಬರ್ 23ರಂದು ಈ ಕೋಟೆಯ ಮುಂದೆಯೇ ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಅದೇ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಡನೆ ಮರಳಿ ಬಂದು ಕೋಟೆಯನ್ನು ಹಿಡಿದರು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರಲ್ಲಿ ಅವಳು ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ಕಿತ್ತೂರಿನಿಂದ ಬೈಲಹೊಂಗಲಕ್ಕೆ 25 ಕಿ.ಮೀ. ಆಸುಪಾಸು. ಅಂದರೆ ನಾವು ತುಳಿದ ಮೊದಲ ದಿನದ ದಾರಿ, ರಾಣಿ ಸೆರೆಯಾಳಾಗಿ ಸಾಗಿದ ದಿಕ್ಕಿನದು. ನಡುವೆ ಸಂಗೊಳ್ಳಿಯ ಮೇಲೆ ಹಾಯಬಹುದು. ಕಿತ್ತೂರು ಬಿದ್ದ ಮೇಲೆಯೂ ಸೋಲೊಪ್ಪದೆ ಕಾಡುಹಾದಿಗಳಲ್ಲಿ ಬಂಟರನ್ನು ಕೂಡಿಸಿಕೊಂಡು ಹೋರಾಡಿ, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರು ಅದು. ಹೆದ್ದಾರಿಯನ್ನು ಆಳುವವರ ವಿರುದ್ಧ ಒಳಹಾದಿಗಳನ್ನು ಬಲ್ಲವನು ಎಷ್ಟು ಕಾಲ ನಿಲ್ಲಬಲ್ಲನೆಂಬುದಕ್ಕೆ ರಾಯಣ್ಣನ ಕಥೆಯೇ ಸಾಕ್ಷಿ.

ಕಿತ್ತೂರಿನ ಸುತ್ತ ಮಸಾರಿ ನೆಲ. ಕೆಂಪು ಗರಸಿನ ಹಾದಿ, ಮಾವು, ಹುಣಿಸೆಯ ನೆರಳು. ಮಲಪ್ರಭೆಯನ್ನು ದಾಟಿ ಬೈಲಹೊಂಗಲದತ್ತ ಸಾಗಿದಂತೆ ನೆಲದ ಬಣ್ಣ ಕಪ್ಪಾಗುತ್ತದೆ. ಇದು ಎರೆಯ ಭೂಮಿ. ಜೋಳ, ಕಡಲೆ, ಹತ್ತಿ ಬೆಳೆಯುವ ಸೀಮೆ. ಮಳೆಗಾಲದಲ್ಲಿ ಈ ಮಣ್ಣು ಗಾಲಿಗೆ ಮೆತ್ತಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಬಿಸಿಲಿಗೆ ಒಣಗಿತೆಂದರೆ ಚಕ್ಕಡಿಯ ಜಾಡು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಶೀಗಿ ಹುಣ್ಣಿಮೆ ಕಳೆದ ಮೇಲೆ ಹೊರಡುವುದೇ ಜಾಣತನ. ಎಳ್ಳ ಅಮಾವಾಸ್ಯೆಯ ಸುಮಾರಿಗೆ ಹೋದರೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಕಾಣಬಹುದು. ದಾರಿಹೋಕರನ್ನೂ ಕರೆದು ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ ಬಡಿಸುವ ಔದಾರ್ಯ ಇಲ್ಲಿ ಇನ್ನೂ ಉಳಿದಿದೆ.

ಬೈಲಹೊಂಗಲ ದಾಟಿ ಒಂದು ಹಾದಿಯಲ್ಲಿ ಹೋಗುತ್ತಿದ್ದಾಗ, ಅದು ಕ್ರಮೇಣ ಕಿರಿದಾಗಿ ಒಂದು ಮುಳ್ಳುಬೇಲಿಯ ಎದುರು ಮುಗಿದೇಹೋಯಿತು. ಅಲ್ಲಿ ಬದುವಿನ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆವು: “ಯಜಮಾನರೇ, ಈ ದಾರಿ ಮುಂದಿನ ಊರಿಗೆ ಹೋಗುವುದಿಲ್ಲವೇ?”

“ಹೋಗ್ತಿತ್ರೀ,” ಎಂದರು ಅವರು. “ನಮ್ಮ ಅಪ್ಪನ ಕಾಲಕ್ಕ ಎರಡು ಚಕ್ಕಡಿ ಎದುರಾಬದುರಾ ಹಾಯ್ತಿದ್ವು. ಎತ್ತು ಹೋದ್ವು, ಚಕ್ಕಡಿ ಹೋದ್ವು. ವರ್ಷಾ ಒಂದೊಂದು ಸಾಲು ಒತ್ತಿಗೊಂತ ಬಂದ್ರು. ನನ್ನ ಹೊಲ ಆ ಬೇಲಿ ಆಚಿಕಡಿ ಐತ್ರಿ. ಬೆಳದ ಕಬ್ಬು ಹೊರಗ ತರೂದು ಹ್ಯಾಂಗ, ನೀವ ಹೇಳ್ರಿ?”

ಅವರಿಗೆ ಹೇಳಲು ನಮ್ಮಲ್ಲಿ ಉತ್ತರವಿರಲಿಲ್ಲ. ನಮಗೆ ಆ ಬೇಲಿ ಅರ್ಧ ತಾಸಿನ ಸುತ್ತು. ಅವರಿಗೆ ವರ್ಷದ ದುಡಿಮೆಯ ಪ್ರಶ್ನೆ. ಮುಂದಿನ ಪ್ರಯಾಣದಲ್ಲೆಲ್ಲ ಈ ಮಾತು ಮನಸ್ಸಿನಲ್ಲಿ ಉಳಿಯಿತು.

ಸೊಗಲದಲ್ಲಿ ದೃಶ್ಯವೇ ಬೇರೆ. ಗುಡ್ಡಗಳ ಮಡಿಲಲ್ಲಿ ಮರಗಳು ಒತ್ತಾಗಿ ಬೆಳೆದು, ಅವುಗಳ ನಡುವೆ ನೀರು ಧುಮುಕುವ ತಾಣ. ಪಕ್ಕದಲ್ಲಿ ಪ್ರಾಚೀನವಾದ ಸೋಮೇಶ್ವರನ ಗುಡಿ. ಅಲ್ಲಿಂದ ಮುನವಳ್ಳಿಯ ಮೇಲೆ ಹಾಯ್ದು ನವಿಲುತೀರ್ಥಕ್ಕೆ ಬಂದರೆ ಮತ್ತೆ ಮಲಪ್ರಭೆಯ ದರ್ಶನ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬಂದ ಹೊಳೆ ಇಲ್ಲಿ ಮರಳುಗಲ್ಲಿನ ಗುಡ್ಡವನ್ನೇ ಸೀಳಿಕೊಂಡು ಮುಂದೆ ಹೋಗಿದೆ. ಕಣಿವೆ ಎಷ್ಟು ಇಕ್ಕಟ್ಟೆಂದರೆ, 37 ಟಿ.ಎಂ.ಸಿ.ಗೂ ಮಿಗಿಲಾದ ನೀರನ್ನು ತಡೆಯಲು ಸುಮಾರು 155 ಮೀಟರು ಉದ್ದದ ಅಣೆಕಟ್ಟು ಸಾಕಾಯಿತು. ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಗಳಿಗೆ ಹರಿಯುವುದು ಈ ರೇಣುಕಾಸಾಗರದ ನೀರು.

ಸವದತ್ತಿಯು ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ. ಊರ ಮೇಲಣ ಕೋಟೆ 18ನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯರು ಕಟ್ಟಿಸಿದ್ದು. ಆದರೆ ಈ ಊರಿಗೆ ಜನರನ್ನು ಸೆಳೆಯುವವಳು ಗುಡ್ಡದ ಯಲ್ಲಮ್ಮ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಹಳ್ಳಿಗಳಿಂದ ಭಕ್ತರು ಬಂದು, ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎಂದು ಕೂಗುತ್ತ ಗುಡ್ಡವೇರುತ್ತಾರೆ. ಟ್ರ್ಯಾಕ್ಟರು, ಬಸ್ಸುಗಳ ಈ ಕಾಲದಲ್ಲಿಯೂ ಎತ್ತುಗಳನ್ನು ಸಿಂಗರಿಸಿ ಚಕ್ಕಡಿ ಹೂಡಿಕೊಂಡೇ ಬರುವವರಿದ್ದಾರೆ. ಈ ಸೀಮೆಯ ಚಕ್ಕಡಿ ದಾರಿಗಳಲ್ಲಿ ಎಷ್ಟೋ ಈ ಗುಡ್ಡದತ್ತ ಮುಖ ಮಾಡಿರುವುದು ಕೇವಲ ಆಕಸ್ಮಿಕವಲ್ಲ. ಭಕ್ತಿಯೂ ದಾರಿ ಮಾಡುತ್ತದೆ.

ಮೂರನೆಯ ದಿನ ಹೂಲಿ, ಸಿರಸಂಗಿ, ತೊರಗಲ್ಲುಗಳ ಮೇಲೆ ಸಾಗಿದೆವು. ಹೂಲಿಯ ಪಂಚಲಿಂಗೇಶ್ವರ ದೇವಾಲಯವೂ ಗುಡ್ಡದ ಬುಡದಲ್ಲಿ ಚದುರಿದ ಹಾಳುಗುಡಿಗಳೂ ಒಂದು ಕಾಲದ ವೈಭವಕ್ಕೆ ಸಾಕ್ಷಿಯಾಗಿವೆ. ಸಿರಸಂಗಿ, ತನ್ನ ಆಸ್ತಿಯನ್ನೆಲ್ಲ ವಿದ್ಯಾದಾನಕ್ಕೆ ಬಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರ ಊರು. ತೊರಗಲ್ಲಿನಲ್ಲಿ ಕೋಟೆ, ಭೂತನಾಥನ ಗುಡಿ, ಪಕ್ಕದಲ್ಲಿಯೇ ಮಲಪ್ರಭೆ. ಅದೇ ಹೊಳೆಯ ಜೊತೆಗೆ ರಾಮದುರ್ಗವನ್ನು ಸೇರಿದಾಗ ಹೊತ್ತು ಇಳಿದಿತ್ತು. ಭಾವೆ ಮನೆತನದ ಸಂಸ್ಥಾನವಾಗಿದ್ದ ಈ ಊರು 1939ರ ಏಪ್ರಿಲಿನಲ್ಲಿ ಪ್ರಜೆಗಳ ದಂಗೆಯನ್ನು ಕಂಡಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನೇಕಾರರ ಊರಾದ ಇಲ್ಲಿ, 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಜನ ಮರೆತಿಲ್ಲ. ಇನ್ನೂ ಅರ್ಧ ದಿನ ಉಳಿದವರು ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಹೋಗಿ, ಬಂಡೆಗಳ ನಡುವಣ ತಂಪು ಹಸುರಿನಲ್ಲಿ ದಣಿವಾರಿಸಿಕೊಳ್ಳಬಹುದು.

ಬೇಲಿಯ ಬಳಿ ರೈತರು ಕೇಳಿದ ಪ್ರಶ್ನೆಗೆ ಮರಳೋಣ. ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನಲ್ಲಿ ಚೂರು ಹೊಲಗಳನ್ನು ಒಟ್ಟುಗೂಡಿಸುವ ಕಾರ್ಯ ನಡೆದಾಗ, ಎಷ್ಟೋ ಹಳೆಯ ಹಾದಿಗಳು ನೇಗಿಲಿನ ಪಾಲಾದವು. ಉಳಿದವನ್ನಾದರೂ ಕಾಯಬೇಕೆಂದು 1983ರ ಒಂದು ಕಾಯಿದೆ, ನಡೆಯುವ ಹಾದಿಗಳ ಪಟ್ಟಿ ಮಾಡುವ ಹೊಣೆಯನ್ನು ಅಲ್ಲಿಯ ಜಿಲ್ಲಾಡಳಿತಗಳಿಗೆ ವಹಿಸಿತು. ಪಟ್ಟಿಯಲ್ಲಿರುವ ಹಾದಿಯನ್ನು ಮಾರಬೇಕಾದರೆ ಅದರ ಸಾತತ್ಯ ಕೆಡದಂತೆ ಬದಲಿ ದಾರಿಯನ್ನು ಒದಗಿಸಲೇಬೇಕು. ನಮ್ಮಲ್ಲಿಯೂ ಏನೂ ಇಲ್ಲವೆಂದಲ್ಲ. ಬಂಡಿದಾರಿ, ಕಾಲುದಾರಿಗಳು ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಗಳಾಗಿ ಗುರುತಾಗಿವೆ. ನಕಾಶೆ ಕಂಡ ದಾರಿಯನ್ನು ಯಾರಾದರೂ ಮುಚ್ಚಿದರೆ ತಹಸೀಲದಾರರಲ್ಲಿ ದೂರು ಕೊಡಬಹುದು. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಹಲವೆಡೆ ಹೊಲದ ಹಾದಿಗಳನ್ನು ದುರಸ್ತಿ ಮಾಡಿದ್ದೂ ಉಂಟು. ಆದರೆ ನಕಾಶೆಯಲ್ಲಿ ಗೆರೆಯಿದ್ದ ಮಾತ್ರಕ್ಕೆ ನೆಲದ ಮೇಲೆ ದಾರಿ ಉಳಿಯುವುದಿಲ್ಲ. ಯಾರೂ ಹಾಯದ ದಾರಿಯನ್ನು ಉತ್ತುಬಿಡುವುದು ಸುಲಭ.

ಪಟ್ಟಣದ ಕುಟುಂಬಗಳು ರಜೆಯ ಎರಡು ದಿನಗಳಲ್ಲಿ ಮಕ್ಕಳಿಗೊಂದು ಸೈಕಲ್ ಕೊಟ್ಟು ಈ ಕಡೆಗೆ ಬಂದರೆ ಅವರಿಗೂ ಲಾಭ, ದಾರಿಗೂ ಲಾಭ. ಹೊಸ ಸೈಕಲ್ಲೇ ಬೇಕೆಂದಿಲ್ಲ. ಅಗಲವಾದ ಟೈರು, ಗಟ್ಟಿ ಬ್ರೇಕು, ಪಂಚರಿನ ಸಾಮಾನು, ಬೇಕಾದಷ್ಟು ನೀರು ಇದ್ದರೆ ಸಾಕು. ಬೆಳೆ ತುಳಿಯದಂತೆ ನಡೆಯಿರಿ. ಬದುವಿನ ಮೇಲೆ ಕುಳಿತ ಹಿರಿಯರನ್ನು ದಾರಿ ಕೇಳಿ. ಅವರು ದಾರಿಯನ್ನಷ್ಟೇ ಹೇಳುವುದಿಲ್ಲ.