ಹವಳದ ದ್ವೀಪದಲ್ಲಿ ಇಂಗ್ಲಿಷ್ ಪಾಠ

ತಿರುವನಂತಪುರದಿಂದ ವಿಮಾನ ಹೊರಟು ಒಂದು ಗಂಟೆಯಾಗಿತ್ತಷ್ಟೆ. ಕಿಟಕಿಯಿಂದ ನೋಡಿದರೆ ನೀಲಿ ಕಡಲಿನ ಮೇಲೆ ಯಾರೋ ಹಸಿರು ಬಳೆಗಳನ್ನು ಹರಡಿಟ್ಟಂತೆ ದ್ವೀಪಗಳು ಕಾಣುತ್ತಿದ್ದವು. ನನಗೆ ಉಮ್ಮನ ಕೈ ನೆನಪಾಯಿತು. ಆ ಕೈಯ ಎರಡು ಚಿನ್ನದ ಬಳೆಗಳು ಆಗ ಬ್ಯಾಂಕಿನಲ್ಲಿ ಅಡವಿದ್ದವು.

ಅದು 2006ರ ಜನವರಿ. ನಾನು ಮಾಲ್ದೀವ್ಸ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಹೊರಟಿದ್ದೆ.

ಬಳೆಗಳು ಅಡವು ಹೋದದ್ದು ಈ ಕೆಲಸಕ್ಕಲ್ಲ. ಅದಕ್ಕಿಂತ ಒಂದು ವರ್ಷ ಮೊದಲು ಏಜೆಂಟನೊಬ್ಬ ಗಲ್ಫ್‌ನಲ್ಲಿ ಟೀಚರ್ ಕೆಲಸ ಕೊಡಿಸುತ್ತೇನೆಂದು ಮುಂಗಡ ಪಡೆದಿದ್ದ. ತಿಂಗಳುಗಟ್ಟಲೆ ಕಾದ ಬಳಿಕ ಬಂದದ್ದು ವಿಸಿಟ್ ವೀಸಾ. ಶಾಲೆಯ ಹೆಸರೇನು ಎಂದು ಕೇಳಿದರೆ "ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ" ಎಂದ. ನಾನು ಹೋಗಲಿಲ್ಲ. ಕೊಟ್ಟ ಹಣದಲ್ಲಿ ಅರ್ಧವೂ ವಾಪಸು ಬರಲಿಲ್ಲ.

ಆಮೇಲೆ ಪತ್ರಿಕೆಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ತಮ್ಮನನ್ನು ಜೊತೆಗೆ ಕರೆದುಕೊಂಡು ರೈಲಿನಲ್ಲಿ ತಿರುವನಂತಪುರಕ್ಕೆ ಸಂದರ್ಶನಕ್ಕೆ ಹೋದೆ. ಹತ್ತು ನಿಮಿಷ ಪಾಠ ಮಾಡಿ ತೋರಿಸಲು ಹೇಳಿದರು. ಬಿ.ಎಡ್. ಪ್ರಮಾಣಪತ್ರ, ಅನುಭವ ಪತ್ರಗಳನ್ನು ಪರಿಶೀಲಿಸಿದರು. ಹಣದ ಮಾತನ್ನು ಯಾರೂ ಎತ್ತಲಿಲ್ಲ. ಕೆಲವು ವಾರಗಳ ನಂತರ ಒಪ್ಪಂದದ ಕಾಗದ ಬಂತು. ಶಾಲೆಯ ಹೆಸರು, ದ್ವೀಪದ ಹೆಸರು, ಸಂಬಳ, ವಸತಿ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ಟಿಕೆಟ್ ಎಲ್ಲವೂ ಅದರಲ್ಲಿತ್ತು.

ಮನೆಯಲ್ಲಿ ದೊಡ್ಡ ಮಾವ ಒಪ್ಪಲಿಲ್ಲ. "ಹೆಣ್ಣೊಬ್ಬಳು ಕಡಲು ದಾಟಿ ದುಡಿಯುವುದೆಂದರೇನು?" ಎಂದರು. ಉಮ್ಮ ಬೀಡಿ ಎಲೆ ಕತ್ತರಿಸುತ್ತಿದ್ದವರು ತಲೆಯೆತ್ತಿ ನನ್ನತ್ತ ನೋಡಿದರು. "ಈ ಕತ್ತರಿ ಹಿಡಿದೇ ನಿನ್ನನ್ನು ಓದಿಸಿದ್ದು. ಕಾಗದ ಸರಿ ಇದೆಯಾ ನೋಡು. ಸರಿ ಇದ್ದರೆ ಹೋಗು" ಎಂದಷ್ಟೇ ಹೇಳಿದರು. ನಾನು ಆ ಕಾಗದವನ್ನು ಮೂರು ಸಲ ಓದಿದೆ.

ವಿದೇಶದ ವಿದ್ಯಾವಂತರಿಗೆ ಈ ದೇಶ ಕೆಲಸ ಕೊಡುವುದು ಹೊಸತಲ್ಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತರನ್ನು ಇಲ್ಲಿನವರು ಖಾಝಿಯನ್ನಾಗಿ ನೇಮಿಸಿಕೊಂಡಿದ್ದರು. 1960ರ ದಶಕದಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭವಾದ ಮೇಲೆ ಭಾರತ, ಶ್ರೀಲಂಕಾಗಳ ಶಿಕ್ಷಕರಿಗೆ ಬೇಡಿಕೆ ಹೆಚ್ಚಿತು. ಇಸ್ಲಾಮ್ ಮತ್ತು ದಿವೇಹಿ ಭಾಷೆಯ ಪಾಠಗಳನ್ನು ಸ್ಥಳೀಯರೇ ಮಾಡುತ್ತಾರೆ. ಉಳಿದ ವಿಷಯಗಳಿಗೆ ಸ್ಥಳೀಯ ಶಿಕ್ಷಕರು ಸಾಕಾಗದ ಕಡೆ ನಮ್ಮಂಥವರು ಬೇಕಾಗುತ್ತಾರೆ.

ವಿಮಾನ ನಿಲ್ದಾಣವೇ ಒಂದು ಪ್ರತ್ಯೇಕ ದ್ವೀಪದಲ್ಲಿದೆ. ಅಲ್ಲಿಂದ ರಾಜಧಾನಿ ಮಾಲೆಗೆ ಸೇತುವೆಯಾದದ್ದು 2018ರಲ್ಲಿ. ನಾವು ಹೋದಾಗ ದೋಣಿಯೇ ಗತಿ. ಅವರೂ ಅದನ್ನು 'ದೋಣಿ' ಎಂದೇ ಕರೆಯುವುದನ್ನು ಕೇಳಿ ಪರದೇಶದ ಅರ್ಧ ಭಯ ಅಲ್ಲೇ ಹೋಯಿತು. ಉಳಿದರ್ಧ ರಾತ್ರಿಯಿಡೀ ದೋಣಿಯಲ್ಲಿ ವಾಂತಿ ಮಾಡುತ್ತಾ ನನ್ನ ದ್ವೀಪಕ್ಕೆ ಹೋಗುವಾಗ ಮತ್ತೆ ಮರಳಿ ಬಂತು!

ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಕಾಲು ಗಂಟೆಯ ನಡಿಗೆ. ಬೀದಿಗಳಲ್ಲಿ ಬಿಳಿ ಹವಳದ ಮರಳು. ಕುಡಿಯಲು ಟ್ಯಾಂಕಿನಲ್ಲಿ ಹಿಡಿದಿಟ್ಟ ಮಳೆನೀರು. ಬಾವಿಯ ನೀರು ಉಪ್ಪುಪ್ಪು. ಬೆಳಗ್ಗೆ ಸೂರೆ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸು ಕಲಸಿದ 'ಮಾಸ್ ಹುನಿ'ಯ ಜೊತೆ 'ರೊಶಿ' ಎಂಬ ರೊಟ್ಟಿ. ಕರಾವಳಿಯ ನಾಲಗೆಗೆ ಒಗ್ಗಲು ಎರಡು ದಿನವೂ ಬೇಕಾಗಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಪುಟ್ಟ ದೇಶ 80ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು. ಸಮುದ್ರದ ಮಾತೆತ್ತಿದರೆ ಮಕ್ಕಳು ಇನ್ನೂ ಸುಮ್ಮನಾಗುತ್ತಿದ್ದರು.

ದಿವೇಹಿಯ ಲಿಪಿ 'ತಾನ'ವನ್ನು ಅರಬಿಯಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಚಿಕ್ಕ ಮಕ್ಕಳು ಇಂಗ್ಲಿಷ್ ಪುಸ್ತಕವನ್ನೂ ಹಿಂದಿನಿಂದ ತೆರೆಯುತ್ತಿದ್ದರು. ದೊಡ್ಡ ತರಗತಿಯವರು ಬ್ರಿಟನ್ನಿನ ಓ ಲೆವೆಲ್ ಪರೀಕ್ಷೆ ಬರೆಯಬೇಕಿತ್ತು. ಅವರಲ್ಲಿ ಒಬ್ಬ ಹುಡುಗಿ ಬಾಯಿ ಬಿಡುತ್ತಲೇ ಇರಲಿಲ್ಲ. "ಇದು ನಮ್ಮ ಭಾಷೆಯಲ್ಲ ಮಿಸ್" ಎನ್ನುತ್ತಿದ್ದಳು. ಒಂದು ದಿನ 'ಅಟಾಲ್' ಎಂಬ ಪದವನ್ನು ಹಲಗೆಯ ಮೇಲೆ ಬರೆದೆ. ಹವಳದ ಉಂಗುರ ದ್ವೀಪಗಳಿಗೆ ಜಗತ್ತೆಲ್ಲ ಬಳಸುವ ಈ ಪದವನ್ನು ಇಂಗ್ಲಿಷ್ ಎರವಲು ಪಡೆದದ್ದು ನಿಮ್ಮ ದಿವೇಹಿಯಿಂದ ಎಂದೆ. ಅವಳು ನಿಘಂಟು ತೆಗೆದು ತಾನೇ ನೋಡಿದಳು. ಮರುದಿನ ಎದ್ದು ನಿಂತು ಪಾಠ ಓದಿದಳು.

ಎರಡನೆಯ ವರ್ಷ ಜೂನ್‌ನಲ್ಲಿ ತಮ್ಮನ ಫೋನ್ ಬಂತು. ಉಮ್ಮನಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕು. ಒಪ್ಪಂದದ ಕಾಗದ ಹೊರತೆಗೆದು ನೋಡಿದೆ. ತುರ್ತು ರಜೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂರು ಸಲ ಓದಿದಾಗಲೂ ಇದ್ದದ್ದನ್ನು ನೋಡಿದ್ದೆನೇ ಹೊರತು ಇಲ್ಲದ್ದನ್ನು ಗಮನಿಸಿರಲಿಲ್ಲ. ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸು ಮಾಡಿ ಸಂಬಳರಹಿತ ರಜೆ ಕೊಟ್ಟರು. ಆದರೆ ಮಳೆಗಾಲದ ಕಡಲು ಕೊಡಲಿಲ್ಲ. ಎರಡು ದಿನ ದೋಣಿ ಹೊರಡಲಿಲ್ಲ. ದಡದಲ್ಲಿ ಕುಳಿತು ಅತ್ತು ದುಆ ಮಾಡಿದೆ. ನೆರೆಮನೆಯ ಅಜ್ಜಿ ನನ್ನ ಪಕ್ಕದಲ್ಲಿ ಮಾತಿಲ್ಲದೆ ಕುಳಿತಿದ್ದರು. ನಾನು ಆಸ್ಪತ್ರೆ ತಲುಪುವಾಗ ಶಸ್ತ್ರಚಿಕಿತ್ಸೆ ಮುಗಿದಿತ್ತು. ಅಲ್ಲಾಹನ ಕೃಪೆಯಿಂದ ಉಮ್ಮ ಕಣ್ಣು ತೆರೆದಿದ್ದರು. ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ಅದೇ ದ್ವೀಪದ ಸಂಬಳದಿಂದ.

2008ರ ಕೊನೆಯಲ್ಲಿ ಊರಿಗೆ ಮರಳಿದೆ. ಈಗಲೂ ಬಿ.ಎಡ್. ಮುಗಿಸಿದ ಹುಡುಗಿಯರು ಮನೆಗೆ ಬಂದು ವಿದೇಶದ ಕೆಲಸದ ಬಗ್ಗೆ ವಿಚಾರಿಸುತ್ತಾರೆ. ನಾನು ಅವರಿಗೆ ಹೇಳುವುದಿಷ್ಟು: ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಹುಡುಕುವ ಯೋಚನೆ ಬೇಡ. ಮಾಲ್ದೀವ್ಸ್ ಪ್ರವಾಸಿಗರಿಗೆ ಇಳಿದಲ್ಲೇ ವೀಸಾ ಕೊಡುತ್ತದೆ ನಿಜ, ಆದರೆ ಅದರಲ್ಲಿ ದುಡಿಯುವುದು ಅಪರಾಧ. ಕೆಲಸದ ಪರವಾನಿಗೆ ನಿಮ್ಮನ್ನು ನೇಮಿಸಿಕೊಂಡವರ ಮೂಲಕವೇ ಆಗಬೇಕು. ಏಜೆಂಟರ ಮೂಲಕ ಹೋಗುವುದಾದರೆ ಅವರು ಭಾರತ ಸರಕಾರದಲ್ಲಿ ನೋಂದಾಯಿಸಿಕೊಂಡವರೇ ಎಂದು 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಡಿ. ಸಂಬಳ ರುಫಿಯಾದಲ್ಲಿ ಸಿಕ್ಕಿದರೆ ಊರಿಗೆ ಕಳುಹಿಸಲು ಡಾಲರ್ ಬೇಕು. ಅಲ್ಲಿ ಡಾಲರ್ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ತಿಂಗಳಿಗೆ ಎಷ್ಟು ಕಳುಹಿಸಬಹುದೆಂದು ಮೊದಲೇ ಕೇಳಿಕೊಳ್ಳಿ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ಮಾಲೆಯ ಭಾರತೀಯ ಹೈಕಮಿಷನ್ನಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಕಾಯಿಲೆ ಬಿದ್ದರೆ, ಮನೆಯಲ್ಲಿ ಸಾವುನೋವಾದರೆ, ಅವಧಿಗೆ ಮುನ್ನ ಕೆಲಸ ಬಿಟ್ಟರೆ ಏನು ಎಂಬುದು ಒಪ್ಪಂದದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಮೊದಲ ವರ್ಷದ ರಜೆಯಲ್ಲೇ ಬಳೆಗಳನ್ನು ಬಿಡಿಸಿ ತಂದು ಉಮ್ಮನ ಕೈಗೆ ತೊಡಿಸಿದ್ದೆ. ಹುಡುಗಿಯರು ಬಂದಾಗ ಉಮ್ಮ ಚಾವಡಿಯಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಅವರು ಹೊರಟು ನಿಂತಾಗ ಬಳೆಯ ಕೈಯೆತ್ತಿ ತಡೆದು ಒಂದೇ ಮಾತು ಹೇಳುತ್ತಾರೆ:

"ಕಾಗದ ಸರಿ ಇದೆಯಾ ನೋಡು ಮಗಳೇ."