ನೆಲದ ವ್ಯಾಪಾರಕ್ಕೆ ಇಳಿಯುವ ಮುನ್ನ

ಕೈಯಲ್ಲಿ ನಾಲ್ಕು ಕಾಸು ಕೂಡಿದ ಗೃಹಸ್ಥನಿಗೆ ನೆಲದ ಮೇಲೆ ಆಸೆ ಹುಟ್ಟುವುದು ಸಹಜವಾದುದೇ ಸರಿ. ಬಂಗಾರವನ್ನು ಕಳ್ಳನು ಒಯ್ಯಬಹುದು, ಭೂಮಿಯನ್ನು ಯಾರೂ ಹೊತ್ತುಕೊಂಡು ಹೋಗಲಾರರೆಂದು ಹಿರಿಯರು ಹೇಳುತ್ತಿದ್ದರು. ಮಾತು ನಿಜ. ಆದರೆ ಭೂಮಿಯು ಇದ್ದಲ್ಲಿಯೇ ಇದ್ದು, ಅದರ ಮೇಲಣ ಹಕ್ಕು ಮಾತ್ರ ಕೈಬಿಟ್ಟು ಹೋದ ಸಂಸಾರಗಳನ್ನು ನಾವು ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಕಂಡಿರುವೆವು. ನಮ್ಮ ಬಂಧುಮಿತ್ರರಲ್ಲಿ ಅನೇಕರು ಈಚೆಗೆ ನೆಲವನ್ನು ಕೊಂಡು ಮಾರುವ ಉದ್ಯಮಕ್ಕೆ ಕೈಹಾಕುವ ಉತ್ಸಾಹದಲ್ಲಿರುವುದರಿಂದ, ಹೊಸಬರಿಗೆ ಹೇಳಬೇಕಾದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಈ ಉತ್ಸಾಹಕ್ಕೆ ಕಾರಣಗಳಿಲ್ಲದೆ ಇಲ್ಲ. ಮೈಸೂರಿನಿಂದ ಕುಶಾಲನಗರದವರೆಗಿನ 92 ಕಿಲೋಮೀಟರ್ ಉದ್ದದ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು. ಅಂದಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳನ್ನು ನೋಡುವವರ ಕಣ್ಣೇ ಬೇರೆಯಾಗಿದೆ. ಅಲ್ಲದೆ, ಬೇಸಾಯಗಾರನಲ್ಲದವನು ಬೇಸಾಯದ ಭೂಮಿಯನ್ನು ಕೊಳ್ಳಬಾರದೆಂದು 1961ರ ಭೂಸುಧಾರಣಾ ಕಾಯಿದೆಯಲ್ಲಿದ್ದ ನಿರ್ಬಂಧವನ್ನು 2020ರ ತಿದ್ದುಪಡಿಯು ತೆಗೆದುಹಾಕಿತು. ಬಾಗಿಲು ತೆರೆದಿದೆಯೆಂದು ಎಲ್ಲರೂ ಒಳಗೆ ನುಗ್ಗುವರು. ಒಳಗೆ ಮೆಟ್ಟಿಲೆಷ್ಟಿವೆಯೆಂದು ನೋಡುವವರು ಕೆಲವರೇ.

ಮೊದಲನೆಯ ಮಾತು ಬಂಡವಾಳವನ್ನು ಕುರಿತದ್ದು. ಮಗಳ ಮದುವೆಗೆಂದು, ಮಗನ ಓದಿಗೆಂದು, ಮುಪ್ಪಿನ ಔಷಧಿಗೆಂದು ಇಟ್ಟ ಹಣವನ್ನು ಈ ಉದ್ಯಮದಲ್ಲಿ ತೊಡಗಿಸಲೇಬಾರದು. ನೆಲವು ಬೇಕೆಂದಾಗ ಹಣವಾಗುವ ವಸ್ತುವಲ್ಲ. ಕೊಳ್ಳುವವನು ಬರುವ ತನಕ ಕಾಯಬೇಕು. ಸಾಲ ಮಾಡಿ ಕೊಂಡವನು ಕಾಯುತ್ತಿರುವಾಗ ಬಡ್ಡಿಯು ಕಾಯುವುದಿಲ್ಲ. ಇನ್ನು ನೋಂದಣಿಯ ವೆಚ್ಚವನ್ನು ನೋಡಿರಿ. ಶೇಕಡಾ 5ರ ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲೆ ಉಪಕರ ಮತ್ತು ಅಧಿಭಾರ, ಜೊತೆಗೆ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲ್ಪಟ್ಟ ನೋಂದಣಿ ಶುಲ್ಕ, ಇವೆಲ್ಲ ಸೇರಿ 20 ಲಕ್ಷ ರೂಪಾಯಿಯ ಹಳ್ಳಿಯ ಜಮೀನಿಗೆ ಸುಮಾರು ಒಂದೂವರೆ ಲಕ್ಷವಾಗುತ್ತದೆ. ಕೊಂಡ ಬೆಲೆಯ ಮೇಲೆ ಇಷ್ಟು ಏರಿದ ಮೇಲೆಯೇ ಲಾಭದ ಮೊದಲ ಕಾಸು ಹುಟ್ಟಬೇಕು.

ಎಕರೆಯನ್ನು ನಿವೇಶನಗಳಾಗಿ ಮಾರುವ ಲೆಕ್ಕವೂ ಹೀಗೆಯೇ ಮರುಳು ಮಾಡತಕ್ಕದ್ದು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 43,560 ಚದರಡಿ. ಮೂವತ್ತು ನಲವತ್ತರ ನಿವೇಶನಕ್ಕೆ 1,200 ಚದರಡಿಯಂತೆ ಮೂವತ್ತಾರು ನಿವೇಶನಗಳೆಂದು ದಳ್ಳಾಳಿಯು ಬೆರಳೆಣಿಸಿ ತೋರಿಸುವನು. ರಸ್ತೆ, ಚರಂಡಿ, ಉದ್ಯಾನ, ಸಾರ್ವಜನಿಕ ಉಪಯೋಗದ ಜಾಗ ಇವುಗಳಿಗೆ ಹತ್ತಿರ ಹತ್ತಿರ ಅರ್ಧ ಭೂಮಿ ಹೋದ ಮೇಲೆ ಕೈಗೆ ಬರುವುವು ಇಪ್ಪತ್ತು ಮಾತ್ರ. ಅದಕ್ಕೂ ಮೊದಲು 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಭೂಪರಿವರ್ತನೆಯಾಗಬೇಕು, ನಕ್ಷೆಗೆ ಒಪ್ಪಿಗೆ ದೊರೆಯಬೇಕು. ಬೇಸಾಯದ ಭೂಮಿಯನ್ನು ಕೊಳ್ಳುವ ಹಕ್ಕು ಬಂದಿತೆಂದರೆ ಅದರಲ್ಲಿ ಮನೆ ಕಟ್ಟುವ ಹಕ್ಕೂ ಬಂದಿತೆಂದು ತಿಳಿಯತಕ್ಕದ್ದಲ್ಲ.

ಎರಡನೆಯ ಮಾತು ಹಕ್ಕುಪತ್ರಗಳದು. ಪಹಣಿಯಲ್ಲಿ ಹೆಸರು ಕಂಡೊಡನೆ ಕೆಲಸ ಮುಗಿಯಿತೆಂದು ಹೊಸಬರು ತಿಳಿಯುವರು. ಪಹಣಿಯು ಕಂದಾಯದ ದಾಖಲೆ. ಒಡೆತನದ ಕಥೆಯೆಲ್ಲ ಅದರಲ್ಲಿರುವುದಿಲ್ಲ. ಋಣಭಾರ ಪತ್ರವೂ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುವುದು. ಪಂಚಾಯತಿಯಲ್ಲಿ ಬಾಯಿಮಾತಿನಿಂದ ಆದ ಪಾಲು, ಇನ್ನೊಂದು ಊರಿನಲ್ಲಿರುವ ತಮ್ಮನ ತಕರಾರು ಅದರಲ್ಲಿ ಕಾಣಿಸವು. ಆದುದರಿಂದ ಮೂಲ ಕ್ರಯಪತ್ರಗಳನ್ನೂ ಹಕ್ಕು ಬದಲಾವಣೆಯ ದಾಖಲೆಗಳನ್ನೂ ವಂಶವೃಕ್ಷವನ್ನೂ ತರಿಸಿ, ನ್ಯಾಯವಾದಿಗಳಿಗೆ ತೋರಿಸಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11-ಇ ನಕ್ಷೆ ಬೇಕು. ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸದೆ ಹಣವನ್ನು ಪೂರ್ತಿಯಾಗಿ ಕೊಡಲಾಗದು.

ನಮ್ಮ ಸೀಮೆಯಲ್ಲಿ ದಾಖಲೆಗಳನ್ನು 1974ಕ್ಕಿಂತ ಹಿಂದಕ್ಕೆ ಹೋಗಿ ನೋಡುವುದು ಅವಶ್ಯಕ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಉಳುವವರು ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆದರು. ಎಷ್ಟೋ ಮನೆಗಳಲ್ಲಿ ಅನ್ನ ಬೆಂದುದು ಆ ಕಾಯಿದೆಯಿಂದ. ಹಾಗೆ ಬಂದ ಭೂಮಿಯನ್ನು ಗೊತ್ತಾದಷ್ಟು ವರ್ಷಗಳವರೆಗೆ ಪರಭಾರೆ ಮಾಡಕೂಡದೆಂಬ ಕಟ್ಟಳೆಯಿತ್ತು. ಆ ಅವಧಿಯೊಳಗೆ ಮಾರಿದ್ದ ಜಮೀನು ಮೂರು ಕೈ ಬದಲಾಯಿಸಿ ನಿಮ್ಮ ಬಳಿಗೆ ಬಂದಿದ್ದರೂ ಮೊದಲಿನ ಕುಂದು ಅಳಿಯುವುದಿಲ್ಲ.

ಇದಕ್ಕಿಂತಲೂ ಗಟ್ಟಿಯಾದ ಕಟ್ಟಳೆ ಇನ್ನೊಂದುಂಟು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದು 1978ರ ಕಾಯಿದೆಯಂತೆ ಅಸಿಂಧು. ಅಂಥ ಭೂಮಿಯನ್ನು ಮರಳಿ ಕೊಡಿಸೆಂದು ಕೇಳುವುದಕ್ಕೆ ಕಾಲದ ಮಿತಿಯಿಲ್ಲವೆಂದು 2023ರ ತಿದ್ದುಪಡಿಯು ಹೇಳಿತು. ಜೇನುಕುರುಬರೂ ಬೆಟ್ಟಕುರುಬರೂ ಸೋಲಿಗರೂ ಬಾಳುವ ಕೋಟೆಯ ಕಾಡಂಚಿನಲ್ಲಿ ಇದನ್ನು ಮರೆತವನು ಹಣವನ್ನೂ ಕಳೆದುಕೊಳ್ಳುವನು, ಮನಸ್ಸಿನ ನೆಮ್ಮದಿಯನ್ನೂ ಕಳೆದುಕೊಳ್ಳುವನು. ಕಪಿಲೆಯ ಹಿನ್ನೀರಿನ ದಡವನ್ನು ನೋಡಿ ವಿಹಾರಗೃಹದ ಕನಸು ಕಾಣುವವರು, ಆ ಭೂಮಿಗೆ ಅರಣ್ಯದ ಅಥವಾ ಪರಿಸರಸೂಕ್ಷ್ಮ ವಲಯದ ನಿರ್ಬಂಧವಿದೆಯೇ ಎಂದು ಬರವಣಿಗೆಯಲ್ಲಿ ತಿಳಿದುಕೊಂಡ ಮೇಲೆಯೇ ಮುಂಗಡದ ಮಾತೆತ್ತಬೇಕು. ಹೆದ್ದಾರಿಯ ಪಕ್ಕದಲ್ಲಿ ಕೊಳ್ಳುವವರು ಆ ಸರ್ವೆ ನಂಬರು ಭೂಸ್ವಾಧೀನದ ಅಧಿಸೂಚನೆಯಲ್ಲಿ ಸೇರಿದೆಯೇ ಎಂದು ನೋಡಬೇಕು. ಸೇರಿದ್ದಲ್ಲಿ ಕೊಂಡದ್ದು ಹೊಲವಲ್ಲ, ಪರಿಹಾರದ ವ್ಯಾಜ್ಯ.

ಹೆಣ್ಣುಮಕ್ಕಳ ರುಜುವಿನ ವಿಚಾರ ಬೇರೆಯಾಗಿ ಹೇಳತಕ್ಕದ್ದು. ಕೃಷ್ಣರಾಜನಗರದ ಕಡೆಯ ಒಂದು ಭತ್ತದ ಗದ್ದೆಯನ್ನು ಕೊಳ್ಳುವುದೆಂದು ನಮ್ಮ ಮನೆಯಲ್ಲಿ ಮಾತಾಗಿತ್ತು. ಬೆಲೆ ಒಪ್ಪಿತ್ತು, ಅಣ್ಣತಮ್ಮಂದಿರು ಮೂವರೂ ರುಜುವಿಗೆ ಸಿದ್ಧರಾಗಿದ್ದರು. ಅಕ್ಕನೊಬ್ಬಳು ಮದುವೆಯಾಗಿ ದೂರದ ಊರಿನಲ್ಲಿರುವಳೆಂದೂ ಅವಳನ್ನು ಕೇಳುವ ಅವಶ್ಯಕತೆಯಿಲ್ಲವೆಂದೂ ಅವರು ಹೇಳಿದರು. ನಾವು ಕೇಳಲೇಬೇಕೆಂದೆವು. ಅವಳಿಗೆ ಮಾರಾಟದ ಸುದ್ದಿಯೇ ತಿಳಿದಿರಲಿಲ್ಲ. ತಂದೆಯ ಗದ್ದೆಯಲ್ಲಿ ತನ್ನ ಪಾಲು ಬೇಕೆಂದು ಹೇಳಿಕಳುಹಿಸಿದಳು. ವ್ಯವಹಾರ ಅಲ್ಲಿಗೆ ನಿಂತಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹಕ್ಕನ್ನು ಕೊಟ್ಟಿವೆ. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಕಾನೂನಿನ ಮಾತು ಹಾಗಿರಲಿ. ಒಡಹುಟ್ಟಿದವಳ ಕಣ್ಣೀರು ಬಿದ್ದ ನೆಲದಲ್ಲಿ ನಮ್ಮ ಮಕ್ಕಳಿಗೆ ಅನ್ನ ಬೆಳೆಯಬಾರದೆಂದು ಮನೆಯ ಹಿರಿಯರು ಹೇಳಿದ ಮಾತು ನಮಗೆ ಸರಿಯಾಗಿಯೇ ತೋರಿತು.

ಮೂರನೆಯ ಮಾತು ಹಣ ಕೊಡುವ ಬಗೆಯದು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಹಣವನ್ನು ನಗದಾಗಿ ಪಡೆಯುವುದಕ್ಕೆ 2015ರಿಂದ ನಿಷೇಧವಿದೆ. ಎಲ್ಲವೂ ಬ್ಯಾಂಕಿನ ಮೂಲಕವೇ ನಡೆಯಲಿ. ಕ್ರಯಪತ್ರವಿಲ್ಲದೆ ಬರಿಯ ಅಧಿಕಾರಪತ್ರದ ಮೇಲೆ ಮಾರುವವರನ್ನು ದೂರವಿಡಿರಿ. ಅದರಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ತೀರ್ಪಿತ್ತಿದೆ. ಬಡಾವಣೆಯಲ್ಲಿ ಕೊಳ್ಳುವುದಾದರೆ ರೇರಾ ಎಂದು ಹೆಸರಾದ 2016ರ ಕಾಯಿದೆಯನ್ನು ನೆನೆಯಬೇಕು. 500 ಚದರ ಮೀಟರಿಗೆ ಮೀರಿದ ಬಡಾವಣೆಯು ಅದರಂತೆ ನೋಂದಣಿಯಾಗಿರಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು. ಅಂಥ ಬಡಾವಣೆಯ ನಿವೇಶನಗಳನ್ನು ದಳ್ಳಾಳಿಯಾಗಿ ಮಾರಿಸಬೇಕೆನ್ನುವವರೂ ಅದೇ ಕಾಯಿದೆಯಂತೆ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳತಕ್ಕದ್ದು. ಹಳ್ಳಿಯ ನಿವೇಶನಕ್ಕೆ ಪಂಚಾಯತಿಯ ಇ-ಸ್ವತ್ತಿನ ನಮೂನೆಗಳನ್ನು ಕೇಳಿ ಪಡೆಯಿರಿ.

ಹಾಗಾದರೆ ಹೊಸಬನು ಎಲ್ಲಿಂದ ತೊಡಗಬೇಕು? ನಮ್ಮ ಅಭಿಪ್ರಾಯದಲ್ಲಿ, ಮೊದಲ ವರ್ಷ ಏನನ್ನೂ ಕೊಳ್ಳದೆ ಒಂದೇ ಒಂದು ಹೋಬಳಿಯನ್ನು ಕಾಲ್ನಡಿಗೆಯಿಂದ ತಿಳಿದುಕೊಳ್ಳುವುದು ಲೇಸು. ಯಾವ ಕೆರೆ ಬೇಸಗೆಯಲ್ಲಿ ಬತ್ತುವುದು, ಯಾವ ದಾರಿ ಮಳೆಗಾಲದಲ್ಲಿ ಮುಚ್ಚುವುದು, ಯಾವ ಹೊಲಕ್ಕೆ ಆನೆ ಬರುವುದು, ನಿಜವಾಗಿ ಯಾವ ಬೆಲೆಗೆ ಮಾರಾಟವಾಯಿತು, ಇವು ಯಾವ ಕಾಗದದಲ್ಲಿಯೂ ಸಿಕ್ಕುವುವಲ್ಲ. ಬಳಿಕ ಸಣ್ಣದೊಂದನ್ನು, ಮಾರಾಟವಾಗದಿದ್ದರೂ ಇಟ್ಟುಕೊಂಡು ಉಣ್ಣಬಹುದಾದುದನ್ನು ಕೊಳ್ಳಿರಿ. ನಾಳೆ ಬೆಲೆ ಏರುವುದು, ಈ ದಿನವೇ ಕೊಡಿ ಎಂದು ಅವಸರಪಡಿಸುವವನಿಗೆ ನಾಳೆ ಬನ್ನಿ ಎಂದೇ ಹೇಳಿರಿ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ನೆಲದ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿದೆ.

ಕಡೆಯದಾಗಿ, ಮಾರುವವನನ್ನು ಮರೆಯಬಾರದು. ಬರಗಾಲಕ್ಕೋ, ಆಸ್ಪತ್ರೆಯ ಸಾಲಕ್ಕೋ ಅಂಜಿ ಜಮೀನು ಬಿಡುವವನ ಕಷ್ಟವನ್ನು ಬೆಲೆ ತಗ್ಗಿಸುವ ಸಾಧನವಾಗಿ ಮಾಡಿಕೊಂಡ ಹಣ ಬಹುಕಾಲ ನಿಲ್ಲದು. ಇದ್ದುದನ್ನೆಲ್ಲ ಮಾರಲು ಬಂದವನಿಗೆ ಮನೆಯ ಹಿತ್ತಿಲನ್ನೂ ಅರ್ಧ ಎಕರೆಯನ್ನೂ ಉಳಿಸಿಕೊಳ್ಳುವಂತೆ ಹೇಳುವಷ್ಟು ಧರ್ಮ ವ್ಯಾಪಾರಿಯಲ್ಲಿಯೂ ಇರತಕ್ಕದ್ದು. ಅವನು ಆ ಊರಿನಲ್ಲಿಯೇ ಬಾಳುವನು. ನೀವೂ ಅದೇ ಊರಿಗೆ ಮತ್ತೆ ಮತ್ತೆ ಹೋಗಬೇಕಾದವರು. ಹೋದಾಗ ಜಗುಲಿಯ ಮೇಲೆ ಕುಳಿತುಕೊಳ್ಳಿ ಎನ್ನಿಸಿಕೊಳ್ಳುವಂತೆ ವ್ಯವಹರಿಸುವುದೇ ಈ ಉದ್ಯಮದ ನಿಜವಾದ ಬಂಡವಾಳ.