ರೊಟ್ಟಿ ಸೀಮೆಯಲ್ಲಿ ಮೆತ್ತನ ಊಟ

ಗದಗ ಸೀಮೆಯಲ್ಲಿ ಊಟ ಎಂದರೆ ಹಲ್ಲಿನ ಕೆಲಸ. ಕಟಕ ರೊಟ್ಟಿ ಮುರಿದ ಸದ್ದು ಅಡುಗೆಮನೆಯಿಂದ ಪಡಸಾಲೆಗೆ ಕೇಳಿಸುತ್ತದೆ. ಜೊತೆಗೆ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಮೆಂತೆಪಲ್ಯ. ತಟ್ಟೆಯ ಬದಿಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಸಂಜೆಯಾದರೆ ಗಿರ್ಮಿಟ್, ಮಿರ್ಚಿ, ಗದಗಿನವರು ಯಾವ ಊರಿಗೆ ಹೋದರೂ ನೆನೆಯುವ ಬದನೆಕಾಯಿ ಭಜಿ. ಕಡಿಯುವುದು, ಅಗಿಯುವುದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಳ್ಳುವುದು, ಇವಿಷ್ಟೂ ಸೇರಿದರೇ ಇಲ್ಲಿ ಉಂಡಂತೆ. ಇಂಥ ಊರಿನಲ್ಲಿ ಬುದ್ಧಿಹಲ್ಲು ತೆಗೆಸಿಕೊಂಡು ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ ನೋವಿನದಲ್ಲ, ಇನ್ನು ಏನು ತಿನ್ನಲಿ ಎನ್ನುವುದು.

ಬುದ್ಧಿಹಲ್ಲು ದವಡೆಯ ತುದಿಯಲ್ಲಿ ಬರುವ ಮೂರನೆಯ ದೊಡ್ಡ ಹಲ್ಲು. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಮೂಡುತ್ತದೆ. ಜಾಗ ಸಾಲದಿದ್ದರೆ ಅಡ್ಡ ಮಲಗಿ ಪಕ್ಕದ ಹಲ್ಲನ್ನು ಒತ್ತುತ್ತದೆ, ಅರ್ಧ ಮುಚ್ಚಿದ ಒಸಡಿನೊಳಗೆ ಅನ್ನದ ಅಗುಳು ಸೇರಿ ಕೀವಾಗುತ್ತದೆ. ನನ್ನದು ಬಹಳ ಕಾಲ ಸುಮ್ಮನಿದ್ದು, ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಕೆರಳಿತು. ವೈದ್ಯರು ಎಕ್ಸ್‌ರೇ ನೋಡಿ, ಒಸಡು ಬಿಡಿಸಿ, ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೇಳುವುದಿರುವುದು ಆಮೇಲಿನ ಒಂದು ವಾರದ ಬಗ್ಗೆ.

ಅದರಲ್ಲೂ ಮೊದಲ 24 ಗಂಟೆ. ತೆಗೆದ ಹಲ್ಲಿನ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪೇ ಮೂಳೆಗೂ ನರಕ್ಕೂ ಮುಚ್ಚಳ. ಅದು ಕಳಚಿದರೆ ಮೂಳೆ ಬಯಲಾಗಿ, ಮೂರನೆಯ ದಿನದ ಹೊತ್ತಿಗೆ ಕಿವಿಯವರೆಗೆ ಎಳೆಯುವ ನೋವು ಶುರುವಾಗುತ್ತದೆ. ವೈದ್ಯರು ಅದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಆದ್ದರಿಂದ ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾ ಹಾಕಿ ಎಳೆದು ಕುಡಿಯಬಾರದು. ಎಳನೀರು ಬೇಕೆಂದರೆ ಲೋಟಕ್ಕೆ ಬಗ್ಗಿಸಿಕೊಂಡು ಗುಟುಕರಿಸಬೇಕು. ಬಿಸಿ ಚಹಾ ಆ ದಿನಕ್ಕೆ ಬೇಡ. ಬೀಡಿ, ಸಿಗರೇಟು, ಗುಟ್ಖಾ, ತಂಬಾಕು, ಎಲೆ ಅಡಿಕೆ ಒಂದೂ ಬೇಡ. ಈ ಕೊನೆಯ ಮಾತನ್ನು ನಮ್ಮ ಭಾಗದಲ್ಲಿ ಒತ್ತಿ ಹೇಳಬೇಕು. ಹಲ್ಲು ತೆಗೆಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದವರು ಊರಿನ ಬಸ್ಸು ಹತ್ತುವ ಮೊದಲೇ ಗುಟ್ಖಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವುದನ್ನು ಕಂಡಿದ್ದೇನೆ; ಕಂಡಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ದವಡೆಯ ಮರಗಟ್ಟುವಿಕೆ ಇಳಿಯುವವರೆಗೆ ಊಟಕ್ಕೂ ಅವಸರ ಮಾಡಬಾರದು. ತುಟಿ, ನಾಲಿಗೆ ತಮ್ಮವೆಂದು ಗೊತ್ತಾಗದ ಆ ಹೊತ್ತಿನಲ್ಲಿ ಕಚ್ಚಿಕೊಂಡರೂ ತಿಳಿಯುವುದಿಲ್ಲ.

ನಮ್ಮದು ಬೆಟಗೇರಿಯಲ್ಲಿ ಕೂಡುಕುಟುಂಬದ ಮನೆ. ರೊಟ್ಟಿ ಬಡಿಯುವವಳು ನಾನು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿವ ನೀರು ಹೊಯ್ದು ಬಿಸಿ ಇದ್ದಾಗಲೇ ನಾದಿದರೆ ಮಾತ್ರ ಅಂಚು ಸೀಳದೆ ಅಗಲವಾಗುತ್ತದೆ. ಹಲ್ಲು ತೆಗೆಸಿದ ಮರುದಿನವೂ ಕೈ ಆ ಕೆಲಸವನ್ನು ಮಾಡಿತು, ಕೆನ್ನೆ ಊದಿಕೊಂಡಿತ್ತು ಅಷ್ಟೇ. ಹಂಚಿನ ಮೇಲೆ ಮಾಲದಂಡಿ ಜೋಳದ ವಾಸನೆ ಏಳುತ್ತಿದ್ದಂತೆ ಹಸಿವು ಕೆರಳಿತು. ಬಾಯಿ ಮಾತ್ರ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೆ ಹುಷಾರಿಲ್ಲದಿದ್ದರೂ ಅವರಿಗೆ ಏನು ಬೇಕೆಂದು ನಾವು ಹೆಣ್ಣುಮಕ್ಕಳು ಯೋಚಿಸುತ್ತೇವೆ. ಅಡುಗೆ ಮಾಡುವವಳಿಗೇ ಹುಷಾರಿಲ್ಲದಾಗ ಅವಳ ತಟ್ಟೆಯ ಬಗ್ಗೆ ಯೋಚಿಸುವವರು ಯಾರು? ಎಷ್ಟೋ ಮನೆಗಳಲ್ಲಿ ಆ ವಾರ ಹಾಲು ಬ್ರೆಡ್ಡಿನಲ್ಲಿ ಕಳೆದುಹೋಗುತ್ತದೆ.

ನಮ್ಮ ಮನೆಯಲ್ಲಿ ಯೋಚಿಸಿದವರು ಅತ್ತೆಯವರು. ಅವರ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದಾರೆ. ನಾನು ಗ್ಯಾಸಿನ ಮುಂದೆ ನಿಂತು ಏನು ಮಾಡಿಕೊಳ್ಳಲಿ ಎಂದು ನೋಡುತ್ತಿದ್ದಾಗ ಒಳಗೆ ಬಂದರು. "ಸರಿ ಯವ್ವಾ ಅತ್ಲಾಗ. ಹಲ್ಲ ಇಲ್ದ ಊಟ ಮಾಡೋದು ನನಗ ಗೊತ್ತೈತಿ" ಎಂದು ಸಣ್ಣ ಪಾತ್ರೆ ತೆಗೆದುಕೊಂಡರು.

ಅವರು ಮಾಡಿದ್ದು ಹೆಸರುಬೇಳೆಯ ಕಟ್ಟು. ಗದಗ ಜಿಲ್ಲೆಯ ಮುಂಗಾರಿ ಬೆಳೆಯಲ್ಲಿ ಹೆಸರಿಗೆ ದೊಡ್ಡ ಪಾಲು. ಜೂನಿನಲ್ಲಿ ಬಿತ್ತಿದ್ದು ಆಗಸ್ಟ್ ಹೊತ್ತಿಗೆ ಬಿಡಿಸಲು ಬರುತ್ತದೆ. ಮನೆಯಲ್ಲಿ ಹೆಸರುಬೇಳೆ ಇಲ್ಲದ ದಿನವೇ ಇಲ್ಲ. ಬೇಳೆಯನ್ನು ಕರಗುವ ಹಾಗೆ ಬೇಯಿಸಿ, ಕಡೆದು, ಜಾಲರಿಯಲ್ಲಿ ಸೋಸಿದರು. ಒಗ್ಗರಣೆಗೆ ಸಾಸಿವೆ ಹಾಕಲಿಲ್ಲ. ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಕಾಯಿಸಿ ಅವನ್ನು ಚಮಚದಿಂದ ತೆಗೆದುಬಿಟ್ಟು, ವಾಸನೆ ಹಿಡಿದ ತುಪ್ಪವನ್ನಷ್ಟೇ ಕಟ್ಟಿಗೆ ಹೊಯ್ದರು. ಇಂಗು, ಉಪ್ಪು. ಮೆಣಸಿನಕಾಯಿ ಇಲ್ಲ. ಬ್ಯಾಡಗಿಯ ನೆರೆಯಲ್ಲಿದ್ದು ಮೆಣಸಿನಕಾಯಿ ಇಲ್ಲದ ಸಾರು ಉಣ್ಣುವುದು ಕಷ್ಟವೆಂದುಕೊಂಡಿದ್ದೆ. ಉಗುರುಬೆಚ್ಚಗಿನ ಆ ಕಟ್ಟು ಗಂಟಲಿಗೆ ಇಳಿದಾಗ ಬೇಳೆಗೆ ತನ್ನದೇ ಸಿಹಿಯಿದೆ ಎಂಬುದು ಮೊದಲ ಸಲ ಸರಿಯಾಗಿ ನಾಲಿಗೆಗೆ ಸಿಕ್ಕಿತು. ಗಾಯ ಮಾಯುವುದಕ್ಕೆ ಪ್ರೋಟೀನ್ ಬೇಕೆಂದು ವೈದ್ಯರು ಹೇಳಿದ್ದರು. ಬೇಳೆಯ ಕಟ್ಟು, ಹಾಲು, ಮೊಸರು, ತಿನ್ನುವವರಿಗೆ ಮೆತ್ತಗೆ ಕಲಸಿ ಬೇಯಿಸಿದ ತತ್ತಿ, ಇವು ಯಾವ ಡಬ್ಬಿಯ ಪುಡಿಗೂ ಕಡಿಮೆಯಲ್ಲ.

ಜೋಳವನ್ನು ಅವರು ಬಿಡಲಿಲ್ಲ, ರೊಟ್ಟಿಯನ್ನು ಮಾತ್ರ ಬಿಡಿಸಿದರು. ಮೊದಲಿಗೆ ಜೋಳದ ಹಿಟ್ಟಿನ ಅಂಬಲಿ: ನೀರಲ್ಲಿ ಗಂಟಿಲ್ಲದಂತೆ ಕದಡಿ ಕುದಿಸಿ, ಆರಿಸಿ, ಮಜ್ಜಿಗೆ ಕೂಡಿಸಿ ಉಪ್ಪು ಹಾಕಿದ್ದು. ಬೇಸಿಗೆಯಲ್ಲಿ ಹೊಲಕ್ಕೆ ಒಯ್ಯುವ ಅಂಬಲಿ ಹಲ್ಲು ನೋಯುವವರಿಗೆ ಎಷ್ಟು ಹಿತ! ತಂಪಾಗಿರುತ್ತದೆ, ಹೊಟ್ಟೆ ತುಂಬುತ್ತದೆ, ಎಲ್ಲಿಯೂ ಸಿಗಿಬೀಳುವುದಿಲ್ಲ. ಊತ ಎರಡು ಮೂರನೆಯ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಇಳಿದ ಮೇಲೆ ನುಚ್ಚು ಬಂತು. ಒಡೆದ ಜೋಳವನ್ನು ಬಹಳ ಹೊತ್ತು ಬೇಯಿಸಿ, ಕಡಗೋಲಿನಿಂದ ನುರಿಸಿ, ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿ, ಗಾಯವಿಲ್ಲದ ಬದಿಯಿಂದ ಉಣ್ಣಬೇಕು. ನುಚ್ಚಿನ ಕಣ ಕುಳಿಗೆ ಸೇರಬಹುದೆಂದು ಮೊದಲ ದಿನಗಳಲ್ಲಿ ಅದನ್ನು ಅವರು ದೂರ ಇಟ್ಟಿದ್ದರು. ವೈದ್ಯರ ಚೀಟಿಯನ್ನು ಅವರು ಓದಿರಲಿಲ್ಲ, ಓದಲು ಬಾರದು. ತಮ್ಮ ಒಸಡಿನ ಅನುಭವದಿಂದ ಅದೇ ಮಾತಿಗೆ ಬಂದಿದ್ದರು.

ಕಣದ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಉಳಿದ ಕಡೆಯ ಸಲಹೆಗಳಲ್ಲಿ ನಮ್ಮ ತಟ್ಟೆಯ ಲೆಕ್ಕ ಇರುವುದಿಲ್ಲ. ಉತ್ತರ ಕರ್ನಾಟಕದ ಊಟದ ತುಂಬ ಸಣ್ಣ ಬೀಜಗಳು. ಸಜ್ಜೆ ರೊಟ್ಟಿಯ ಮೇಲೆ ಎಳ್ಳು, ಒಗ್ಗರಣೆಯಲ್ಲಿ ಸಾಸಿವೆ ಜೀರಿಗೆ, ಹಿಂಡಿಗಳಲ್ಲಿ ಅಗಸಿ, ಗುರೆಳ್ಳು, ಶೇಂಗಾದ ತರಿ. ಬದನೆಕಾಯಿ ಮೆತ್ತಗೆ ಬೆಂದಿರುತ್ತದೆ, ಒಳಗೆಲ್ಲ ಬೀಜ. ಟೊಮೆಟೊ ಹಾಗೆಯೇ. ಪುಂಡಿಪಲ್ಯದಲ್ಲಿ ಬೀಜವಿಲ್ಲ, ಹುಳಿ ಗಾಯಕ್ಕೆ ಚುರುಗುಟ್ಟುತ್ತದೆ. ಮುಟಗಿ ಮೆತ್ತಗಿದ್ದರೂ ಅದರ ಜೀವವೇ ಮೆಣಸಿನಕಾಯಿ. ಬಾಣಂತಿಗೆ ಕೊಡುವ ಅಳವಿ ಪಾಯಸ ಶಕ್ತಿಗೆ ಒಳ್ಳೆಯದೆಂದು ಹೇಳಿದವರಿದ್ದರು; ಆ ಜಿಗುಟು ಬೀಜ ಕುಳಿಯಲ್ಲಿ ಕೂತರೆ ತೆಗೆಯುವುದು ಯಾರು? ಮರುದಿನದಿಂದ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ಮೆಲ್ಲಗೆ ಆಡಿಸಿ, ಉಗುಳದೆ ತಾನೇ ಸುರಿದುಹೋಗಲು ಬಿಟ್ಟರೆ ಸಿಕ್ಕಿದ್ದೆಲ್ಲ ಬಂದುಬಿಡುತ್ತದೆ. ಕಡ್ಡಿ ಹಾಕಿ ಕೆದಕಬಾರದು. ಲವಂಗ ಜಜ್ಜಿ ಕುಳಿಯಲ್ಲಿ ಒತ್ತುವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು.

ನನ್ನ ಹಲ್ಲಿನ ಸುದ್ದಿ ಹೇಗೋ ಹಬ್ಬಿತು. ಲಕ್ಷ್ಮೇಶ್ವರಕ್ಕೆ ಕೊಟ್ಟ ತಂಗಿ ಫೋನು ಮಾಡಿ, "ಅಕ್ಕಾ, ಬಾಳಿಹಣ್ಣ ಕಿವುಚಿ ಹಾಲು ಸಕ್ರಿ ಹಾಕಿ ಸೀಕರಣಿ ಮಾಡ್ಕೊ, ಯಾಲಕ್ಕಿ ಪುಡಿ ಸೋಸಿ ಹಾಕು" ಎಂದಳು. ಶಿರಹಟ್ಟಿಯ ಚಿಕ್ಕಮ್ಮ ಮಣ್ಣಿನ ಗಡಿಗೆಯಲ್ಲಿ ಎಮ್ಮೆ ಹಾಲಿನ ಗಟ್ಟಿ ಮೊಸರು ಕಳಿಸಿದರು. ಚಾಕುವಿನಲ್ಲಿ ಕೊಯ್ಯುವಂಥ ಆ ಮೊಸರು, ಮಿದ್ದಿದ ಮೆತ್ತನ ಅನ್ನ, ಚಿಟಿಕೆ ಉಪ್ಪು: ಇಷ್ಟರಲ್ಲಿ ಒಂದು ಹೊತ್ತಿನ ಊಟ ಸಂತೋಷವಾಗಿ ಮುಗಿಯುತ್ತಿತ್ತು. ಗೋಧಿ ಹುಗ್ಗಿ ಮೆತ್ತಗಿರುತ್ತದಲ್ಲ ಎಂದು ಅವರೇ ಕೇಳಿದರು. ಮಠದ ದಾಸೋಹದ ಹುಗ್ಗಿ ನನಗೂ ಪ್ರಾಣ. ಆದರೆ ಗೋಧಿಯ ಸಿಪ್ಪೆ ನಾರಿನಂತೆ ಉಳಿಯುತ್ತದೆ, ಅದು ಎರಡನೆಯ ವಾರಕ್ಕೆ ಸರಿ. ಸಣ್ಣ ರವೆಯ ಸಜ್ಜಕಕ್ಕೆ ಹಾಲು ಹೆಚ್ಚು ಹಾಕಿ ಪಾಯಸದ ಹದಕ್ಕೆ ತಂದರೆ ನಾಲ್ಕನೆಯ ದಿನದಿಂದ ಉಣ್ಣಬಹುದು. ಹೀರೇಕಾಯಿ, ಸೋರೆಕಾಯಿ, ಕುಂಬಳಕಾಯಿಗಳನ್ನು ಬೀಜ ತೆಗೆದು ಬೇಯಿಸಿ ಬೇಳೆಯೊಂದಿಗೆ ಕಡೆದರೆ ಪಲ್ಯದ ಆಸೆಯೂ ತೀರುತ್ತದೆ. ತೆಳ್ಳಗಿನ ಜುಣಕವನ್ನು ಖಾರವಿಲ್ಲದೆ ಮಾಡಿ ಅನ್ನಕ್ಕೆ ಕಲಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಮಾತ್ರ ಈ ಅಂಬಲಿ, ಮೆತ್ತನ ಅನ್ನ, ಸಜ್ಜಕಗಳಲ್ಲಿ ಎಚ್ಚರವಾಗಿರಬೇಕು. ಅವರಿಗೆ ಬೇಳೆಯ ಕಟ್ಟು, ಮೊಸರು, ತತ್ತಿಯೇ ಊಟದ ನಡುಗಂಬವಾಗಲಿ. ನೋವಿನ ಗುಳಿಗೆಯನ್ನಂತೂ ಯಾರೂ ಬರಿ ಹೊಟ್ಟೆಯಲ್ಲಿ ನುಂಗಬಾರದು.

ಅತ್ತೆಯವರ ತವರು ಮುಂಡರಗಿ ತಾಲೂಕಿನ ಹಳ್ಳಿ. ಆ ದಿನಗಳಲ್ಲಿ ನಾವಿಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಕೂತಾಗ ಅವರು ತಮ್ಮ ಹಲ್ಲಿನ ಕತೆ ಹೇಳಿದರು. ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಕ್ಕಳಿಗೆ ಹಲ್ಲು ರೂಪುಗೊಳ್ಳುವಾಗಲೇ ಕಂದು ಗೆರೆ, ಮಚ್ಚೆ ಬೀಳುತ್ತವೆ. ಅವರ ಓಣಿಯ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರಂತೆ. ಹೆಣ್ಣು ನೋಡಲು ಬಂದವರು ಮಾತಾಡಿಸಿ ಹಲ್ಲು ನೋಡುತ್ತಿದ್ದರಂತೆ. ತುಂಗಭದ್ರೆ ಅದೇ ತಾಲೂಕಿನ ಅಂಚಿನಲ್ಲಿ ಹರಿಯುತ್ತಾಳೆ, ಆದರೂ ಹೊಳೆಯ ನೀರು ಮನೆ ಮನೆಗೆ ಬರಲು ಎಷ್ಟು ಕಾಲ ಬೇಕಾಯಿತು. ಅವರ ಹಲ್ಲು ಬಿದ್ದದ್ದಕ್ಕೆ ವಯಸ್ಸು, ಒಸಡಿನ ರೋಗ, ಏನೇನು ಕಾರಣವೋ ವೈದ್ಯರೇ ಹೇಳಬೇಕು. ನನಗೆ ಆ ಹೊತ್ತು ತಟ್ಟಿದ್ದು ಬೇರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವರು ಏನು ಉಣ್ಣುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೇಗೆ ಉಣ್ಣುತ್ತಾರೆ ಎಂಬುದು ಈಗ ತಿಳಿಯಿತು. ರೊಟ್ಟಿಯನ್ನು ಹಾಲಲ್ಲಿ ಮುರಿದು ನೆನೆಯುವವರೆಗೆ ಕಾಯುವುದು, ಎಲ್ಲರೂ ಎದ್ದು ಹೋದ ಮೇಲೂ ತಟ್ಟೆಯ ಮುಂದೆ ಒಬ್ಬರೇ ಕೂತಿರುವುದು, ಹಿಂಡಿಯ ತರಿ ಒಸಡಿಗೆ ಚುಚ್ಚಿದರೆ ಯಾರಿಗೂ ಹೇಳದೆ ನೀರು ಕುಡಿಯುವುದು. ನನಗೆ ಇದು ಒಂದು ವಾರದ ಪಥ್ಯ, ಅವರಿಗೆ ಉಳಿದ ಆಯುಷ್ಯದ ಊಟ.

ಮನುಷ್ಯ ಬೇಯಿಸಿದ, ಮೆತ್ತಗಿನ ಆಹಾರಕ್ಕೆ ಒಗ್ಗುತ್ತ ಬಂದಂತೆ ದವಡೆ ಸಣ್ಣದಾಗಿ, ಬುದ್ಧಿಹಲ್ಲಿಗೆ ಜಾಗ ಸಾಲದಾಯಿತು ಎಂದು ಮಾನವಶಾಸ್ತ್ರ ಓದಿದವರು ಹೇಳುತ್ತಾರೆ. ರೊಟ್ಟಿ ಕಡಿದು ಬೆಳೆಯುವ ನಮ್ಮ ಮಕ್ಕಳಿಗೆ ಅದು ಒಳ್ಳೆಯ ಮಾತು. ಹಾಗೆಂದು ಮೆತ್ತನ ಊಟವನ್ನು ಕೀಳಾಗಿ ಕಾಣುವ ನಮ್ಮ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಮಗುವಿನ ಊಟ, ಬಾಣಂತಿಯ ಊಟ, ಮುದುಕರ ಊಟ, ಜ್ವರ ಬಿಟ್ಟವರ ಊಟ. ಅದನ್ನು ರುಚಿಯಾಗಿ ಮಾಡಲು ಎಣ್ಣೆಗಾಯಿ ಮಾಡುವುದಕ್ಕಿಂತ ಹೆಚ್ಚಿನ ಗಮನ ಬೇಕು, ಖಾರದ ಹಿಂದೆ ಅಡಗಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ನಮ್ಮ ಖಾನಾವಳಿಗಳಲ್ಲಿ ಎರಡು ಬಗೆಯ ರೊಟ್ಟಿ, ನಾಲ್ಕು ಬಗೆಯ ಹಿಂಡಿ ಸಿಗುತ್ತವೆ. ರೂಮು ಮಾಡಿಕೊಂಡಿದ್ದು ಹಲ್ಲು ತೆಗೆಸಿಕೊಂಡ ಹುಡುಗನಿಗೆ ಒಂದು ಬಟ್ಟಲು ಬೇಳೆಯ ಕಟ್ಟು, ಒಂದು ಲೋಟ ಅಂಬಲಿ ಕೇಳಿದರೆ ಸಿಗುವಂತಾಗಬೇಕು. ದೊಡ್ಡ ಖರ್ಚಿನ ಮಾತಲ್ಲ ಅದು.

ಹೊಲಿಗೆ ಬಿಚ್ಚಿದ ಮೇಲೆ ನಾನು ಒಂದೊಂದೇ ಪದಾರ್ಥಕ್ಕೆ ಮರಳಿದೆ. ಮೊದಲು ಹಂಚಿನಿಂದ ಇಳಿದ ಬಿಸಿ ರೊಟ್ಟಿಯ ಪದರು, ಆಮೇಲೆ ಪಲ್ಯ, ಕಟಕ ರೊಟ್ಟಿಗೆ ಬಹಳ ತಡವಾಗಿ. ಒಸಡು ಕೂಡಲು ಮೂರು ನಾಲ್ಕು ವಾರ ಬೇಕು, ಒಳಗೆ ಮೂಳೆ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಅಡುಗೆಮನೆಯಲ್ಲಿ ಮಾತ್ರ ಒಂದೆರಡು ಬದಲಾವಣೆ ಹಾಗೇ ನಿಂತಿವೆ. ಅತ್ತೆಯವರ ಹಿಂಡಿಯನ್ನು ಬೇರೆಯಾಗಿ, ನುಣ್ಣಗೆ ಎರಡು ಸಲ ಕುಟ್ಟುತ್ತೇನೆ. ಅವರ ಬದನೆಕಾಯಿಯ ಬೀಜ ತೆಗೆಯುತ್ತೇನೆ. ಅವರ ಊಟ ಮುಗಿಯುವವರೆಗೆ ಯಾರಾದರೊಬ್ಬರು ಜೊತೆಗೆ ಕೂತಿರುತ್ತೇವೆ.

ಮೊನ್ನೆ ಹಿಂದಿನ ಓಣಿಯ ನೇಕಾರರ ಮನೆಯ ಹುಡುಗಿ ಬಂದಿದ್ದಳು. ಬರುವ ವಾರ ಅವಳ ಬುದ್ಧಿಹಲ್ಲು ತೆಗೆಯುತ್ತಾರಂತೆ, ಏನೇನು ತಂದಿಟ್ಟುಕೊಳ್ಳಲಿ ಎಂದು ಕೇಳಿದಳು. ಹೆಸರುಬೇಳೆ, ಮೊಸರು, ಬಾಳೆಹಣ್ಣು, ಜೋಳದ ಹಿಟ್ಟು, ತುಪ್ಪ ಎಂದು ನಾನು ಹೇಳುತ್ತಿದ್ದೆ. ಅತ್ತೆಯವರು ಒಳಗಿಂದಲೇ ಕೂಗಿದರು: "ನುಚ್ಚು ನಾಕನೇ ದಿನಕ್ಕ ಮಾಡ ಅನ್ನು. ಹಿಂದಿನ ರಾತ್ರಿನ ನೆನಿ ಹಾಕಿರಬೇಕು, ಅಂದ್ರ ಮೆತ್ತಗ ಬೇಯ್ತತಿ. ಮತ್ತ ಮಜ್ಜಿಗಿ ಹುಳಿ ಇರಬಾರ್ದು."